ನಮ್ಮ ವಿಧಾನಸೌಧದಣ್ಣ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ನಿವೃತ್ತರಾದ ಹಳೆಯ ವಿದ್ಯಾರ್ಥಿಗಳ ಸನ್ಮಾನ ಸಮಾರಂಭದಲ್ಲಿ ಆಡಿದ ಅಭಿನಂದನಾ ನುಡಿಗಳ ಬರಹರೂಪ. ಭಾಷಣಕಾರರು ಈ ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್.)



ನನ್ನ ಪಾಲಿಗೆ ಬಂದಿರುವುದು ಅಭಿನಂದನಾ ನುಡಿ. ಸನ್ಮಾನಪತ್ರವನ್ನು ನಮ್ಮ ಕನ್ನಡ ಮೇಡಂ ಆಗಲೇ ಸೊಗಸಾಗಿ ಓದಿದ್ದಾರೆ. ಅದರಲ್ಲಿರುವುದನ್ನೇ ನಾನು ಇನ್ನೊಮ್ಮೆ ಹೇಳಿದರೆ ನೀವೆಲ್ಲ ಅಡುಗೆ ಶಾಮಿಯಾನದ ಕಡೆ ನೋಡಲು ಶುರು ಮಾಡುತ್ತೀರಿ. ಆದ್ದರಿಂದ ಪತ್ರದಲ್ಲಿ ಹಿಡಿಸದ ಒಂದು ವಿಷಯವನ್ನಷ್ಟೇ ಹೇಳುತ್ತೇನೆ. ಈ ಮನುಷ್ಯ 36 ವರ್ಷ ಬೆಂಗಳೂರಿನಲ್ಲಿ ಕೂತು ಮಾಡಿದ ಕೆಲಸವಾದರೂ ಏನು? ಅದರಿಂದ ನಮ್ಮೂರಿಗೆ ಆದದ್ದೇನು?

ಊರಿನಲ್ಲಿ ಇವರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ದೊಡ್ಡವರಿಗೂ ಚಿಕ್ಕವರಿಗೂ ಇವರು ‘ವಿಧಾನಸೌಧದಣ್ಣ’. ನಾನೂ ಇವತ್ತು ಹಾಗೆಯೇ ಕರೆಯುತ್ತೇನೆ. ಇವರು ಈ ಶಾಲೆಗೆ ಎಂಟನೇ ತರಗತಿಗೆ ಸೇರಿದ್ದು 1977ರಲ್ಲಿ. ಆಗ ಶಾಲೆಗೆ ಮೂರು ವರ್ಷ, ಈಗಿನ ಕಟ್ಟಡ ಇನ್ನೂ ಎದ್ದಿರಲಿಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿ, ತಾಲ್ಲೂಕಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಬೆರಳಚ್ಚು ಮತ್ತು ಶೀಘ್ರಲಿಪಿ ಕಲಿತರು. ಪದವಿಯನ್ನೂ ಮುಗಿಸಿ, 1988ರಲ್ಲಿ ಕರ್ನಾಟಕ ವಿಧಾನಸಭೆಯ ಸಚಿವಾಲಯಕ್ಕೆ ಕನ್ನಡ ವರದಿಗಾರರಾಗಿ ಸೇರಿದರು.

‘ವರದಿಗಾರ’ ಎಂಬ ಈ ಹೆಸರಿನಿಂದಾಗಿ ಊರಿನಲ್ಲಿ ಬಹಳ ವರ್ಷ ಒಂದು ಗೊಂದಲವಿತ್ತು. ‘ಯಾವ ಪೇಪರ್‌ನಲ್ಲಪ್ಪ ನಿನ್ನ ಕೆಲಸ?’ ಎಂದು ಕೇಳುವವರು. ‘ಪೇಪರ್ ಅಲ್ಲ, ವಿಧಾನಸಭೆ’ ಎಂದರೆ, ‘ಹಾಗಾದ್ರೆ ಎಮ್ಮೆಲ್ಲೆ ಪಿ.ಎ. ಏನು?’ ಎನ್ನುವವರು. ಎರಡೂ ಅಲ್ಲ.

ಟೀವಿಯಲ್ಲಿ ಅಧಿವೇಶನ ತೋರಿಸುವಾಗ ಗಮನಿಸಿ ನೋಡಿ. ಎತ್ತರದ ಪೀಠದಲ್ಲಿ ಸಭಾಧ್ಯಕ್ಷರು ಇರುತ್ತಾರೆ. ಒಂದು ಕಡೆ ಮುಖ್ಯಮಂತ್ರಿ, ಮಂತ್ರಿಗಳು. ಇನ್ನೊಂದು ಕಡೆ ವಿರೋಧ ಪಕ್ಷದವರು. ನಡುವೆ, ಪೀಠದ ಕೆಳಗಿನ ಮೇಜಿನಲ್ಲಿ ಕೆಲವರು ತಲೆ ಬಗ್ಗಿಸಿ ಬರೆಯುತ್ತಿರುತ್ತಾರೆ. ಕ್ಯಾಮೆರಾ ಅವರ ಮೇಲೆ ನಿಲ್ಲುವುದಿಲ್ಲ. ಸದನದಲ್ಲಿ ಯಾರು ಏನು ಮಾತಾಡಿದರೂ ಅದನ್ನು ಆಡಿದ ಹಾಗೆಯೇ ಬರೆದುಕೊಳ್ಳುವುದು ಅವರ ಕೆಲಸ. ಕೆಲವೇ ನಿಮಿಷಗಳ ಸರದಿ. ಒಬ್ಬರ ಸರದಿ ಮುಗಿಯುತ್ತಿದ್ದಂತೆ ಇನ್ನೊಬ್ಬರು ಬಂದು ಕೂರುತ್ತಾರೆ. ಎದ್ದವರು ಒಳಗೆ ಹೋಗಿ, ತಾವು ಶೀಘ್ರಲಿಪಿಯಲ್ಲಿ ಗೀಚಿದ್ದನ್ನು ಬಿಡಿಸಿ ಬರೆಯುತ್ತಾರೆ. ಅದು ಮುಗಿಯುವಷ್ಟರಲ್ಲಿ ಮತ್ತೆ ಅವರ ಸರದಿ. ಹೀಗೆ ಬಂದ ತುಂಡುಗಳನ್ನೆಲ್ಲ ಜೋಡಿಸಿ, ತಾಳೆ ನೋಡಿ, ತಿದ್ದಿ, ಕೊನೆಗೆ ಸಿದ್ಧವಾಗುವುದೇ ಸದನದ ‘ನಡವಳಿ’. ಕೀಲುಗಳು ಎಲ್ಲೂ ಕಾಣಬಾರದು. ಒಬ್ಬ ಎದ್ದು ಇನ್ನೊಬ್ಬ ಕೂರುವ ಆ ಗಳಿಗೆಯಲ್ಲೂ ಒಂದು ಪದ ಬಿಟ್ಟುಹೋಗಬಾರದು.

ಶೀಘ್ರಲಿಪಿ ಎಂದರೇನು ಎಂದು ಇವತ್ತಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಮಾತಿನ ಸದ್ದನ್ನು ಗೆರೆಗಳಲ್ಲಿ ಹಿಡಿಯುವ ಬರವಣಿಗೆ ಅದು. ಪಿಟ್‌ಮನ್ ಪದ್ಧತಿಯಲ್ಲಿ ಗೆರೆ ತೆಳ್ಳಗಿದ್ದರೆ ‘ಪ’ ಸದ್ದು, ಅದೇ ಗೆರೆಯನ್ನು ಒತ್ತಿ ದಪ್ಪ ಮಾಡಿದರೆ ‘ಬ’ ಸದ್ದು. ಪೆನ್ಸಿಲನ್ನು ಎಷ್ಟು ಒತ್ತಬೇಕು ಎಂಬುದರ ಮೇಲೆ ಅರ್ಥ ನಿಂತಿರುತ್ತದೆ. ನಮ್ಮಣ್ಣನ ಬಲಗೈ ಮಧ್ಯದ ಬೆರಳನ್ನು ನೀವು ನೋಡಬೇಕು. ಅಲ್ಲೊಂದು ಗಂಟು ಕಟ್ಟಿದೆ. ನಮ್ಮಪ್ಪನ ಅಂಗೈಯಲ್ಲಿ ಗುದ್ದಲಿಯಿಂದ ಆದ ಗಂಟಿಗಿಂತ ಅದೇನೂ ಸಣ್ಣದಲ್ಲ.

ಕೈ ಓಡಿದರೆ ಸಾಲದು, ಕಿವಿಯೂ ಓಡಬೇಕು. ವಿಧಾನಸಭೆಯಲ್ಲಿ 224 ಚುನಾಯಿತ ಸದಸ್ಯರು. ಬೀದರಿನವರ ಕನ್ನಡ ಬೇರೆ, ಕೋಲಾರದವರದು ಬೇರೆ, ಬೆಳಗಾವಿಯವರದು ಬೇರೆ, ಮಂಗಳೂರಿನವರದು ಬೇರೆ. ತಲೆ ಎತ್ತಿ ಯಾರೆಂದು ನೋಡುತ್ತಾ ಕೂತರೆ ಅಷ್ಟರಲ್ಲಿ ಎರಡು ಸಾಲು ಹೋಗಿರುತ್ತದೆ. ಆದ್ದರಿಂದ ಹೊಸ ವಿಧಾನಸಭೆ ಬಂದಾಗಲೆಲ್ಲ ಮೊದಲ ಅಧಿವೇಶನದಲ್ಲೇ ಇವರು ಹೊಸ ಸದಸ್ಯರ ದನಿಗಳನ್ನು ಕಲಿತುಬಿಡುತ್ತಿದ್ದರಂತೆ, ಹೊಸ ತರಗತಿಗೆ ಬಂದ ಮೇಷ್ಟ್ರು ಹಾಜರಿ ಪುಸ್ತಕ ಬಾಯಿಪಾಠ ಮಾಡಿಕೊಂಡ ಹಾಗೆ. ಎಂಟನೇ ವಿಧಾನಸಭೆಯ ಕೊನೆಗಾಲದಲ್ಲಿ ಸೇರಿದವರು ಹದಿನಾರನೆಯದು ನಡೆಯುತ್ತಿರುವಾಗ ನಿವೃತ್ತರಾದರು. ಒಟ್ಟು ಒಂಬತ್ತು ವಿಧಾನಸಭೆಗಳು. ಎಸ್.ಆರ್. ಬೊಮ್ಮಾಯಿಯವರು ಮುಖ್ಯಮಂತ್ರಿಯಾಗಿ ಆಡಿದ ಮಾತನ್ನೂ ಬರೆದುಕೊಂಡರು, ಮಗ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾಗಿ ಆಡಿದ್ದನ್ನೂ ಬರೆದುಕೊಂಡರು. ಎಚ್.ಡಿ. ದೇವೇಗೌಡರದ್ದು, ಎಚ್.ಡಿ. ಕುಮಾರಸ್ವಾಮಿಯವರದ್ದೂ ಹಾಗೆಯೇ. ಎರಡು ತಲೆಮಾರಿನ ಮಾತು ಒಂದೇ ಕೈಯಲ್ಲಿ ಹಾದುಹೋಗಿದೆ.

ಇಷ್ಟು ವರ್ಷ ಇಷ್ಟು ದೊಡ್ಡವರ ಹತ್ತಿರ ಕೂತವರು ಊರಿಗೆ ಬಂದರೆ ಅರಳಿಕಟ್ಟೆಯಲ್ಲಿ ಜನ ಸುಮ್ಮನೆ ಬಿಡುತ್ತಾರೆಯೇ? ‘ಅಣ್ಣಾ, ಸರ್ಕಾರ ಉಳಿಯುತ್ತಾ ಬೀಳುತ್ತಾ?’, ‘ಯಾರು ಚೆನ್ನಾಗಿ ಮಾತಾಡ್ತಾರೆ?’, ‘ಒಳಗೆ ನಿಜವಾಗಿ ನಡೆದದ್ದೇನು?’ ಎಂದು ಸುತ್ತ ಸೇರುತ್ತಿದ್ದರು. ಇವರದ್ದು ಒಂದೇ ಉತ್ತರ: ‘ನಾನು ಕೇಳಿಸಿಕೊಳ್ಳೋನಪ್ಪ, ಹೇಳೋನಲ್ಲ.’ ಇವರು ಯಾವ ಪಕ್ಷದ ಕಡೆ ಎಂದು ನಮ್ಮೂರಿಗೆ ಇವತ್ತಿಗೂ ಗೊತ್ತಿಲ್ಲ. ಯಾರ ಮನೆ ಕೋಳಿ ಯಾವ ಪಕ್ಷದ್ದು ಎಂದು ಲೆಕ್ಕ ಇಟ್ಟಿರುವ ಊರಿನಲ್ಲಿ ಇದು ಸಣ್ಣ ಸಾಧನೆಯಲ್ಲ.

ಹೀಗೆ ಯಾವ ಕಡೆಗೂ ವಾಲದೆ ಇರುವುದು ಇವರ ಸ್ವಭಾವ ಮಾತ್ರವಲ್ಲ, ಆ ಕಚೇರಿಯ ಕಟ್ಟುಪಾಡೂ ಹೌದು. ನಮ್ಮ ಸಂವಿಧಾನದ 187ನೇ ಅನುಚ್ಛೇದ ರಾಜ್ಯದ ಶಾಸನಸಭೆಗೆ ತನ್ನದೇ ಪ್ರತ್ಯೇಕ ಸಿಬ್ಬಂದಿ ಇರಬೇಕು ಎನ್ನುತ್ತದೆ. ಅಂದರೆ ಸರ್ಕಾರದ ಇಲಾಖೆಗಳ ನೌಕರರು ಬೇರೆ, ಸದನದ ನೌಕರರು ಬೇರೆ. ಇದು ಸುಮ್ಮನೆ ಬಂದದ್ದಲ್ಲ. ಬ್ರಿಟಿಷರ ಕಾಲದಲ್ಲಿ ಕೇಂದ್ರ ಶಾಸನಸಭೆಯ ನೌಕರರು ಸರ್ಕಾರದ ಅಧೀನದಲ್ಲೇ ಇದ್ದರು. 1925ರಲ್ಲಿ ಆ ಸಭೆಗೆ ಮೊದಲ ಚುನಾಯಿತ ಭಾರತೀಯ ಅಧ್ಯಕ್ಷರಾದ ವಿಠ್ಠಲಭಾಯಿ ಪಟೇಲರು, ಅಂದರೆ ಸರ್ದಾರ್ ಪಟೇಲರ ಅಣ್ಣ, ಇದನ್ನು ಒಪ್ಪಲಿಲ್ಲ. ಸರ್ಕಾರವನ್ನು ಪ್ರಶ್ನೆ ಕೇಳುವ ಸಭೆಯ ಕಾಗದಪತ್ರವೆಲ್ಲ ಅದೇ ಸರ್ಕಾರದ ಕೈಯಲ್ಲಿದ್ದರೆ ಹೇಗೆ ಎಂಬುದು ಅವರ ವಾದ. ಅವರು ಪಟ್ಟು ಹಿಡಿದ ಮೇಲೆ 1929ರಲ್ಲಿ ಶಾಸನಸಭೆಗೆ ಪ್ರತ್ಯೇಕ ಕಚೇರಿ ಬಂತು. ನಮ್ಮಣ್ಣ ಕೆಲಸ ಮಾಡಿದ ಸಚಿವಾಲಯದ ಹಿಂದೆ ಅಂಥದೊಂದು ಹೋರಾಟವಿದೆ. ದಾಖಲೆ ಬರೆಯುವ ಕೈ, ಮಾತಾಡುವವರ ಕೈಕೆಳಗೆ ಇರಬಾರದು.

ಈಗ ನಮ್ಮೂರಿನ ವಿಷಯಕ್ಕೆ ಬರುತ್ತೇನೆ. ಹಳ್ಳದ ಸೇತುವೆಯ ಕಥೆ ಇಲ್ಲಿರುವ ನಡುವಯಸ್ಸಿನವರಿಗೆಲ್ಲ ಗೊತ್ತು. ಮಕ್ಕಳಿಗಾಗಿ ಹೇಳುತ್ತೇನೆ. ನಾವು ಓದುವಾಗ ಹಳ್ಳದ ಆಚೆಯ ಮೂರು ಹಳ್ಳಿಗಳ ಮಕ್ಕಳು ಮಳೆಗಾಲದಲ್ಲಿ ಶಾಲೆಗೆ ಬರುವುದೇ ಕಷ್ಟವಾಗಿತ್ತು. ನೀರು ಏರಿದರೆ ವಾರಗಟ್ಟಲೆ ಗೈರು. ಗಂಡುಮಕ್ಕಳು ಹೇಗೋ ದಾಟಿ ಬರುತ್ತಿದ್ದರು. ಹೆಣ್ಣುಮಕ್ಕಳನ್ನು ‘ಓದಿದ್ದು ಸಾಕು’ ಎಂದು ಮನೆಯಲ್ಲೇ ನಿಲ್ಲಿಸಿಬಿಡುತ್ತಿದ್ದರು. ನನ್ನ ತರಗತಿಯಲ್ಲಿ ನನಗಿಂತ ಚೆನ್ನಾಗಿ ಲೆಕ್ಕ ಮಾಡುತ್ತಿದ್ದ ಇಬ್ಬರು ಹುಡುಗಿಯರು ಒಂಬತ್ತನೇ ತರಗತಿಯ ಮಳೆಗಾಲದ ನಂತರ ಮತ್ತೆ ಬರಲೇ ಇಲ್ಲ.

ಒಂದು ಅಧಿವೇಶನದಲ್ಲಿ ನಮ್ಮ ಕ್ಷೇತ್ರದ ಅಂದಿನ ಶಾಸಕರು ಈ ಸೇತುವೆಯ ಬಗ್ಗೆ ಪ್ರಶ್ನೆ ಕೇಳಿದರು. ಸಂಬಂಧಪಟ್ಟ ಮಂತ್ರಿಗಳು ಉತ್ತರ ಕೊಟ್ಟರು. ಊರಿಗೆ ಸುದ್ದಿ ಬಂತು, ಪಟಾಕಿ ಹೊಡೆದೆವು. ವರ್ಷ ಒಂದಾಯಿತು, ಎರಡಾಯಿತು, ಸೇತುವೆ ಬರಲಿಲ್ಲ. ಊರಿನ ಹಿರಿಯರು ಅರ್ಜಿ ಹಿಡಿದು ಹೋದರೆ ಇಲಾಖೆಯಿಂದ ಬಂದ ಉತ್ತರ ಇಷ್ಟೆ: ಮಂತ್ರಿಗಳು ‘ಪರಿಶೀಲಿಸುವುದಾಗಿ’ ಹೇಳಿದ್ದರು, ಅದರಂತೆ ಪರಿಶೀಲಿಸಲಾಗುತ್ತಿದೆ.

ಆಗ ನಮ್ಮವರಿಗೆ ವಿಧಾನಸೌಧದಣ್ಣನ ನೆನಪಾಯಿತು. ನಾಲ್ಕು ಜನ ಬಸ್ಸು ಹತ್ತಿ ಬೆಂಗಳೂರಿಗೆ ಹೋದರು. ‘ನೀನು ದಿನಾ ಮಂತ್ರಿಗಳ ಎದುರಿಗೇ ಕೂತಿರ್ತೀಯ. ಒಂದು ಮಾತು ಕಿವಿಗೆ ಹಾಕು’ ಎಂದರು. ಇವರು ಕಾಫಿ ಕೊಟ್ಟರು, ಊಟ ಹಾಕಿದರು, ಆಮೇಲೆ ‘ಆಗೋದಿಲ್ಲ’ ಎಂದರು. ‘ನಾನು ಅಲ್ಲಿ ಬರೆಯೋಕೆ ಕೂತಿರೋನು. ಯಾರ ಹತ್ತಿರವಾದ್ರೂ ಒಂದು ಸಲ ಒಂದು ಮಾತು ಕೇಳಿದ್ರೆ, ನಾಳೆಯಿಂದ ನಾನು ಬರೆದದ್ದನ್ನ ಯಾರು ನಂಬ್ತಾರೆ?’

ಹೋದವರಿಗೆ ಸಿಟ್ಟು ಬಂತು. ‘ವಿಧಾನಸೌಧದಲ್ಲಿದ್ದೂ ಊರಿಗೆ ಒಂದು ಹುಲ್ಲುಕಡ್ಡಿ ಎತ್ತಿಕೊಡಲಿಲ್ಲ’ ಎಂಬ ಮಾತು ಆಗಲೇ ಊರಿನಲ್ಲಿ ಹುಟ್ಟಿದ್ದು. ಆ ಮಾತನ್ನು ನಾನೂ ಚಿಕ್ಕವನಿದ್ದಾಗ ಕೇಳಿದ್ದೇನೆ. ಆದರೆ ಆ ದಿನ ಇವರು ‘ಆಗೋದಿಲ್ಲ’ ಎಂದಷ್ಟೇ ಹೇಳಿ ಕಳಿಸಲಿಲ್ಲ. ಸದನದ ನಡವಳಿ ಗುಟ್ಟಿನ ಕಾಗದವಲ್ಲ, ಸಾರ್ವಜನಿಕ ದಾಖಲೆ, ಕೇಳಿದರೆ ಪ್ರತಿ ಸಿಗುತ್ತದೆ ಎಂದು ತಿಳಿಸಿದರು. ಯಾವ ತಿಂಗಳ ಅಧಿವೇಶನ ಎಂದು ನೆನಪಿಸಿ, ಎಲ್ಲಿ ಅರ್ಜಿ ಕೊಡಬೇಕು ಎಂದು ಹೇಳಿಕೊಟ್ಟರು. ಮಂತ್ರಿಗಳು ಸದನದಲ್ಲಿ ಕೊಟ್ಟ ಮಾತು ನಡೆಯಿತೋ ಇಲ್ಲವೋ ಎಂದು ನೋಡುವುದಕ್ಕೆಂದೇ ‘ಸರ್ಕಾರಿ ಭರವಸೆಗಳ ಸಮಿತಿ’ ಎಂಬ ಸದನದ ಸಮಿತಿಯೊಂದಿದೆ ಎಂಬುದು ನಮ್ಮೂರಿಗೆ ತಿಳಿದದ್ದೇ ಆವತ್ತು.

ಪ್ರತಿ ತಂದು ಓದಿದರು. ಅದರಲ್ಲಿ ಮಂತ್ರಿಗಳ ಮಾತು ‘ಪರಿಶೀಲಿಸುತ್ತೇವೆ’ ಎಂದಿರಲಿಲ್ಲ. ‘ಮುಂದಿನ ಸಾಲಿನಲ್ಲಿ ಕಾಮಗಾರಿ ಕೈಗೆತ್ತಿಕೊಳ್ಳುತ್ತೇವೆ’ ಎಂದಿತ್ತು. ಎರಡಕ್ಕೂ ಎಷ್ಟು ವ್ಯತ್ಯಾಸ ನೋಡಿ. ಮೊದಲನೆಯದು ಕೈಗೆ ಸಿಗದ ಮಾತು, ಎರಡನೆಯದಕ್ಕೆ ಗಡುವು ಇದೆ. ಆ ಪುಟವನ್ನು ಅರ್ಜಿಗೆ ಲಗತ್ತಿಸಿ ಶಾಸಕರ ಮೂಲಕ ಕಳಿಸಿದರು. ಆಮೇಲೂ ಓಡಾಟ ತಪ್ಪಲಿಲ್ಲ, ಆದರೆ ‘ಪರಿಶೀಲನೆ’ ಎಂಬ ಪದವನ್ನು ಮತ್ತೆ ಯಾರೂ ಹೇಳಲಿಲ್ಲ. ಇವತ್ತು ಆಚೆ ಹಳ್ಳಿಗಳಿಂದ ಈ ಸಮಾರಂಭಕ್ಕೆ ಬಂದಿರುವ ನೀವೆಲ್ಲ ಯಾವ ಸೇತುವೆಯ ಮೇಲೆ ಬಂದಿರೋ, ಅದು ಆ ಒಂದು ಸಾಲಿನ ಮೇಲೆ ನಿಂತಿದೆ.

ಈ ಭಾಷಣಕ್ಕೆ ತಯಾರಾಗುವಾಗ ನಾನು ಅವರನ್ನು ಕೇಳಿದೆ: ‘ಅಣ್ಣಾ, ಆ ಸಾಲು ಬರೆದುಕೊಂಡಿದ್ದು ನೀವೇನಾ?’ ಇವರು ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: ‘ಆ ಸರದಿ ಯಾರದ್ದಿತ್ತೋ ನೆನಪಿಲ್ಲ ಕಣಪ್ಪ. ಯಾರು ಬರೆದಿದ್ರೂ ಅದೇ ಇರಬೇಕು.’

ಸ್ನೇಹಿತರೇ, ನಾನು ಇಷ್ಟು ದಿನ ಕೇಳಿದ ಮಾತುಗಳಲ್ಲಿ ಇದಕ್ಕಿಂತ ದೊಡ್ಡದನ್ನು ಕೆಲಸದ ಬಗ್ಗೆ ಯಾರೂ ಹೇಳಿಲ್ಲ. ನಮ್ಮೂರಿನ ಹುಡುಗ ಬರೆದದ್ದರಿಂದ ನಮ್ಮೂರಿಗೆ ಸೇತುವೆ ಬಂತು ಎಂದು ಹೇಳಿಕೊಳ್ಳುವ ಆಸೆ ನನಗಿತ್ತು, ನಿಮಗೂ ಇದ್ದೀತು. ಅವರು ಅದಕ್ಕೆ ಅವಕಾಶ ಕೊಡಲಿಲ್ಲ. ಬೇರೆ ಊರಿನ ವರದಿಗಾರ ಬರೆದಿದ್ದರೂ ನಮ್ಮ ಸಾಲು ಹಾಗೆಯೇ ಇರಬೇಕು. ಇವರು ಬರೆಯುವಾಗ ಬೀದರಿನ ಹಳ್ಳಿಯೊಂದರ ಸಾಲು ಅಷ್ಟೇ ಭದ್ರವಾಗಿರಬೇಕು. ಆ ನಂಬಿಕೆಯನ್ನು ಕಾಯುವುದಕ್ಕಾಗಿಯೇ ಇವರು ಊರಿನವರ ಸಿಟ್ಟನ್ನೂ ಇಷ್ಟು ವರ್ಷ ಹೊತ್ತರು.

ಹೀಗೆ ಹಿಂದೆ ನಿಂತು ದುಡಿದವರನ್ನು ದೊಡ್ಡವರು ನೆನೆದ ಒಂದು ಪ್ರಸಂಗವನ್ನು ಮಕ್ಕಳಿಗೆ ಹೇಳಬೇಕು. ನಮ್ಮ ಸಂವಿಧಾನ ಸಭೆ 2 ವರ್ಷ, 11 ತಿಂಗಳು, 17 ದಿನ ಕೆಲಸ ಮಾಡಿತು. ಕರಡಿಗೆ 7,635 ತಿದ್ದುಪಡಿ ಸೂಚನೆಗಳು ಬಂದಿದ್ದವು. ಅವುಗಳಲ್ಲಿ 2,473 ಸದನದಲ್ಲಿ ಮಂಡನೆಯಾದವು. 1949ರ ನವೆಂಬರ್ 25ರಂದು ಡಾ. ಅಂಬೇಡ್ಕರ್ ಅವರು ಆಡಿದ ಭಾಷಣ ಬಹಳ ಪ್ರಸಿದ್ಧ. ಅದರಲ್ಲಿ ಅವರು, ತಮಗೆ ಸಲ್ಲಿಸುತ್ತಿರುವ ಶ್ರೇಯಸ್ಸು ನಿಜವಾಗಿ ತಮ್ಮೊಬ್ಬರದಲ್ಲ ಎಂದು ಹೇಳಿ ಕೆಲವರ ಹೆಸರು ತೆಗೆದುಕೊಂಡರು. ಒಬ್ಬರು ಬೆನಗಲ್ ನರಸಿಂಗ ರಾವ್, ನಮ್ಮ ಮಂಗಳೂರಿನಲ್ಲಿ ಹುಟ್ಟಿದವರು. ಸಂವಿಧಾನ ಸಭೆಯ ಸಲಹೆಗಾರರಾಗಿ ಸಂಬಳವಿಲ್ಲದೆ ದುಡಿದು, 243 ಅನುಚ್ಛೇದಗಳ ಮೊದಲ ಕರಡನ್ನು ಸಿದ್ಧಪಡಿಸಿಕೊಟ್ಟವರು. ಇನ್ನೊಬ್ಬರು ಮುಖ್ಯ ಕರಡುಗಾರ ಎಸ್.ಎನ್. ಮುಖರ್ಜಿ. ಎಷ್ಟೇ ತೊಡಕಿನ ವಿಚಾರವನ್ನೂ ಸರಳವಾದ, ಸ್ಪಷ್ಟವಾದ ಕಾನೂನಿನ ಮಾತಾಗಿ ಬರೆಯುವ ಅವರ ಶಕ್ತಿಯನ್ನು ಅಂಬೇಡ್ಕರ್ ಮನಸಾರೆ ಹೊಗಳಿದರು. ಅಷ್ಟಕ್ಕೇ ನಿಲ್ಲಿಸದೆ, ಮುಖರ್ಜಿಯವರ ಕೈಕೆಳಗೆ ಕೆಲವೊಮ್ಮೆ ಮಧ್ಯರಾತ್ರಿ ಕಳೆದರೂ ದುಡಿದ ಸಿಬ್ಬಂದಿಗೂ ಕೃತಜ್ಞತೆ ಹೇಳಿದರು. ಆ ಸಿಬ್ಬಂದಿಯ ಹೆಸರುಗಳನ್ನು ನಾವು ಯಾರೂ ಕೇಳಿಲ್ಲ. ಅವರು ದುಡಿದಿದ್ದರು ಎಂಬುದು ನಮಗೆ ಗೊತ್ತಾಗಿರುವುದಾದರೂ ಹೇಗೆ? ಆ ಭಾಷಣವನ್ನು ಯಾರೋ ಒಬ್ಬ ವರದಿಗಾರ ತಲೆ ಬಗ್ಗಿಸಿ ಬರೆದುಕೊಂಡಿದ್ದರಿಂದ.

ಇನ್ನೊಂದು ಉದಾಹರಣೆ ನಮ್ಮ ಮಣ್ಣಿನದೇ. ನಮ್ಮ ಶಾಲೆ ಹುಟ್ಟಿದ್ದು 1974ರಲ್ಲಿ. ಅದೇ ವರ್ಷ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಕಾಯ್ದೆ ಜಾರಿಗೆ ಬಂತು. ‘ಉಳುವವನೇ ಹೊಲದೊಡೆಯ’ ಎಂಬ ಮಾತು, ನಮೂನೆ 7ರ ಅರ್ಜಿ, ಭೂನ್ಯಾಯ ಮಂಡಳಿ, ಇದೆಲ್ಲ ಇಲ್ಲಿ ಕೂತಿರುವ ಹಿರಿಯರ ಬಾಯಲ್ಲಿ ಇವತ್ತಿಗೂ ಇದೆ. ಈ ಸಭೆಯಲ್ಲಿರುವ ಎಷ್ಟೋ ಮನೆಗಳ ಪಹಣಿಯಲ್ಲಿ ಹೆಸರು ಕೂತದ್ದು ಆ ಕಾಯ್ದೆಯಿಂದ. ಆ ಕಾಯ್ದೆಗೆ ಎರಡು ದಶಕ ಮೊದಲೇ, 1952ರಲ್ಲಿ ಗೆದ್ದು ಶಾಸನಸಭೆಗೆ ಹೋದ ಶಾಂತವೇರಿ ಗೋಪಾಲಗೌಡರು ಗೇಣಿದಾರರ ಪರವಾಗಿ ಸದನದಲ್ಲಿ ಗುಡುಗಿದ್ದರು. ಅವರು 1972ರಲ್ಲೇ ತೀರಿಕೊಂಡರು, ಈ ಕಾಯ್ದೆಯನ್ನು ನೋಡಲು ಉಳಿಯಲಿಲ್ಲ. ಆದರೆ ಅವರ ಮಾತು ಉಳಿಯಿತು. ಸದನದ ನಡವಳಿಯಲ್ಲಿ ಇವತ್ತಿಗೂ ಓದಬಹುದು.

ಕಾನೂನಿನಲ್ಲಿ ಒಂದೊಂದು ಪದಕ್ಕೂ ತೂಕವಿದೆ ಎಂದು ಇವರು ನನಗೆ ವಿವರಿಸಿದ್ದರು. ‘ಅಧಿಕಾರಿಯು ಕೊಡತಕ್ಕದ್ದು’ ಎಂದಿದ್ದರೆ ಕೊಡಲೇಬೇಕು. ‘ಅಧಿಕಾರಿಯು ಕೊಡಬಹುದು’ ಎಂದಿದ್ದರೆ ಅದು ಅವರ ವಿವೇಚನೆಗೆ ಬಿಟ್ಟದ್ದು. ನಮ್ಮ ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ನಿಂತ ಮುದುಕಿಗೆ ಪಿಂಚಣಿ ಇವತ್ತೇ ಸಿಗಬೇಕೋ, ಸಾಹೇಬರ ಮನಸ್ಸು ಬಂದಾಗ ಸಿಗಬೇಕೋ ಎಂಬುದು ಅಷ್ಟು ಸಣ್ಣ ಪದದ ಮೇಲೆ ನಿಂತಿರಬಹುದು.

ನಾನು ಸಾಫ್ಟ್‌ವೇರ್ ಕೆಲಸದವನು. ನಮ್ಮ ಕೆಲಸದಲ್ಲೂ ಒಂದು ನಡವಳಿ ಇದೆ. ಒಂದು ಪ್ರೋಗ್ರಾಮಿನ ಮೇಲೆ ನೂರಾರು ಜನ ಕೆಲಸ ಮಾಡುವಾಗ ಯಾರು, ಯಾವತ್ತು, ಯಾವ ಸಾಲನ್ನು ಬದಲಿಸಿದರು ಎಂಬುದೆಲ್ಲ ದಾಖಲಾಗುತ್ತದೆ. ಹಳೆಯದನ್ನು ಗುಟ್ಟಾಗಿ ಅಳಿಸಲು ಬರುವುದಿಲ್ಲ. ಸದನದಲ್ಲೂ ಹಾಗೆಯೇ. ಆಡಿದ ಮಾತಿನ ವ್ಯಾಕರಣ ತಿದ್ದಬಹುದು, ಅರ್ಥ ತಿದ್ದುವಂತಿಲ್ಲ. ಯಾವುದಾದರೂ ಮಾತನ್ನು ಕಡತದಿಂದ ತೆಗೆಯಬೇಕಾದರೆ ಸಭಾಧ್ಯಕ್ಷರೇ ಆದೇಶ ಕೊಡಬೇಕು. ಬರೆಯುವವನು ತನ್ನ ಇಷ್ಟದಂತೆ ಒಂದು ಬೈಗುಳವನ್ನೂ ಬಿಡುವಂತಿಲ್ಲ, ಒಂದು ಹೊಗಳಿಕೆಯನ್ನೂ ಸೇರಿಸುವಂತಿಲ್ಲ.

‘ಈಗ ಧ್ವನಿಮುದ್ರಣ ಇದೆ, ಮಾತನ್ನು ತಾನೇ ಅಕ್ಷರ ಮಾಡುವ ಕಂಪ್ಯೂಟರ್ ಇದೆ. ಇನ್ನು ವರದಿಗಾರರು ಯಾಕೆ ಬೇಕು?’ ಎಂದು ನೀವು ಕೇಳಬಹುದು. ಇದು ನನ್ನದೇ ಕಸುಬಿನ ಪ್ರಶ್ನೆ, ಆದ್ದರಿಂದ ನಾನೇ ಉತ್ತರ ಹೇಳಬೇಕು. ಯಂತ್ರ ಬರುತ್ತದೆ, ಬರಲಿ, ಆ ಬೆರಳಿನ ಗಂಟು ಮುಂದಿನವರಿಗೆ ಬೇಡ. ಒಂದು ದಿನ ಅಂಥ ತಂತ್ರಾಂಶವೊಂದನ್ನು ಇವರ ಮುಂದೆಯೇ ಓಡಿಸಿ ನೋಡಿದೆವು. ನಾವಿಬ್ಬರೂ ನಮ್ಮೂರಿನ ಕನ್ನಡದಲ್ಲಿ ಮಾತಾಡಿದೆವು. ನೂರು ಪದಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಸರಿಯಾಗಿಯೇ ಬಂದವು. ನನಗೆ ಸಂತೋಷವಾಯಿತು. ಇವರು ಕನ್ನಡಕ ಸರಿ ಮಾಡಿಕೊಂಡು ಒಂದು ಕಡೆ ಬೆರಳಿಟ್ಟರು. ‘ಕೊಡಲ್ಲ’ ಎಂದು ಆಡಿದ್ದು ‘ಕೊಡಲು’ ಎಂದಾಗಿತ್ತು. ‘ಒಂದೇ ಪದ ತಪ್ಪಿದೆ. ಆದ್ರೆ ಇಲ್ಲ ಅಂದೋನು ಹೂಂ ಅಂದ ಹಾಗಾಯ್ತಲ್ಲಪ್ಪ’ ಎಂದರು.

ಯಂತ್ರ ಸುಧಾರಿಸುತ್ತದೆ. ಅದನ್ನು ಸುಧಾರಿಸುವುದೇ ನನ್ನಂಥವರ ಕೆಲಸ. ಆದರೆ ಹತ್ತು ಜನ ಒಟ್ಟಿಗೆ ಎದ್ದು ಕೂಗುವಾಗ ಯಾವ ಮಾತು ಯಾರದ್ದು ಎಂದು ಹೇಳುವುದಕ್ಕೆ, ಕೊನೆಯಲ್ಲಿ ‘ಹೌದು, ನಡೆದದ್ದು ಹೀಗೆಯೇ’ ಎಂದು ಹೊಣೆ ಹೊರುವುದಕ್ಕೆ, ಒಬ್ಬ ಮನುಷ್ಯ ಬೇಕೇ ಬೇಕು. 2019ರ ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ. ವಿಶ್ವಾಸಮತದ ಚರ್ಚೆ ದಿನಗಟ್ಟಲೆ ನಡೆಯಿತು. ಒಂದು ದಿನ ಸದನ ಮಧ್ಯರಾತ್ರಿಯ ಹತ್ತಿರದವರೆಗೂ ಕೂತಿತ್ತು. 23ರಂದು 99 ಮತ್ತು 105 ಮತಗಳಲ್ಲಿ ಸರ್ಕಾರ ಬಿತ್ತು. ಇಡೀ ರಾಜ್ಯ ಟೀವಿ ಮುಂದೆ ಕೂತು ಯಾರು ಗೆದ್ದರು, ಯಾರು ಸೋತರು ಎಂದು ನೋಡುತ್ತಿತ್ತು. ಆ ಗದ್ದಲದ ನಡುವೆ ಗೆಲುವು ಸೋಲು ಎರಡನ್ನೂ ಪಕ್ಕಕ್ಕಿಟ್ಟು, ಆಡಿದ ಮಾತನ್ನಷ್ಟೇ ಬರೆದುಕೊಂಡವರಲ್ಲಿ ನಮ್ಮ ಶಾಲೆಯ ಒಬ್ಬ ವಿದ್ಯಾರ್ಥಿಯೂ ಇದ್ದರು.

ಇದಕ್ಕೆಲ್ಲ ಬೆಲೆ ತೆತ್ತವರು ಇವರೊಬ್ಬರೇ ಅಲ್ಲ. ಅತ್ತಿಗೆಯವರು ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ‘ಅಧಿವೇಶನ ಅಂದ್ರೆ ನಮ್ಮನೇಲಿ ಅನ್ನ ಎರಡು ಸಲ ಬಿಸಿ ಮಾಡಬೇಕು ಅಂತ ಅರ್ಥ’ ಎಂದು ಅವರು ನಗುತ್ತಾ ಹೇಳುತ್ತಾರೆ. ಬಜೆಟ್ ಅಧಿವೇಶನ ಬರುವ ಹೊತ್ತಿಗೇ ನಮ್ಮೂರ ಜಾತ್ರೆ, ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆದದ್ದೂ ಅದೇ ತಿಂಗಳು. 2012ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾದ ಮೇಲೆ ಚಳಿಗಾಲದಲ್ಲಿ ಅಲ್ಲಿಗೂ ಪ್ರಯಾಣ. ಎಷ್ಟೋ ವರ್ಷ ನಾವು ತೇರು ಎಳೆಯುವಾಗ ಇವರ ಮನೆಯ ಬಾಗಿಲು ಹಾಕಿರುತ್ತಿತ್ತು. ಈ ಶಾಲು, ಈ ಹಾರದಲ್ಲಿ ಅರ್ಧ ಅತ್ತಿಗೆಯವರದ್ದು. ದಯವಿಟ್ಟು ಅವರಿಗೂ ಒಂದು ಚಪ್ಪಾಳೆ.

ಕೊನೆಯದಾಗಿ ಎರಡು ಕೋರಿಕೆ. ಅಭಿನಂದನಾ ನುಡಿಯಲ್ಲಿ ಕೋರಿಕೆ ಸೇರಿಸುವುದು ಪದ್ಧತಿಯಲ್ಲ, ಆದರೂ ಇಷ್ಟು ಜನ ಒಟ್ಟಿಗೆ ಇನ್ನೊಮ್ಮೆ ಸಿಗುವುದು ಯಾವಾಗಲೋ.

ಮೊದಲನೆಯದು ಊರಿನವರಿಗೆ. ನಮ್ಮ ಊರಿಗೂ ಒಂದು ಸದನ ಇದೆ, ಅದು ಗ್ರಾಮಸಭೆ. ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೆ ಒಮ್ಮೆಯಾದರೂ ಅದು ಸೇರಬೇಕು. ಸೇರಿದಾಗ ನಾವೆಲ್ಲ ಜೋರಾಗಿ ಮಾತಾಡುತ್ತೇವೆ, ಟೀ ಕುಡಿಯುತ್ತೇವೆ, ನಡವಳಿ ಪುಸ್ತಕಕ್ಕೆ ಸಹಿ ಹಾಕಿ ಎದ್ದು ಹೋಗುತ್ತೇವೆ. ಮೇಲೆ ಏನು ಬರೆದಿದೆ ಎಂದು ಓದುವವರು ಎಷ್ಟು ಜನ? ಕೆಲವೊಮ್ಮೆ ಸಹಿ ಮೊದಲು, ಬರಹ ಆಮೇಲೆ. ಯಾರನ್ನೂ ದೂರಲು ಇದನ್ನು ಹೇಳುತ್ತಿಲ್ಲ. ಆದರೆ ಹಳ್ಳದ ಸೇತುವೆ ನಮಗೆ ಕಲಿಸಿದ ಪಾಠ ಇದೇ ಅಲ್ಲವೇ? ಬರೆದ ಸಾಲು ಇದ್ದರೆ ಕೇಳಬಹುದು, ಇಲ್ಲದಿದ್ದರೆ ಇಲ್ಲ. ಇನ್ನು ಮುಂದೆ ಸಭೆ ಮುಗಿಯುವ ಮೊದಲು ನಡವಳಿಯನ್ನು ಗಟ್ಟಿಯಾಗಿ ಓದಿಸೋಣ. ಆಮೇಲೆ ಸಹಿ ಹಾಕೋಣ.

ಎರಡನೆಯದು ಮಕ್ಕಳಿಗೆ. ನಿಮ್ಮ ಶಾಲಾ ಸಂಸತ್ತಿನಲ್ಲಿ ಪ್ರಧಾನಮಂತ್ರಿ ಇದ್ದಾರೆ, ಆರೋಗ್ಯ ಮಂತ್ರಿ ಇದ್ದಾರೆ, ಕ್ರೀಡಾ ಮಂತ್ರಿ ಇದ್ದಾರೆ. ಇನ್ನು ಮುಂದೆ ಒಬ್ಬ ವರದಿಗಾರರೂ ಇರಲಿ. ಯಾವ ಮಂತ್ರಿ ಏನು ಮಾಡುತ್ತೇನೆ ಎಂದರು, ಮುಂದಿನ ಸಭೆಯ ಹೊತ್ತಿಗೆ ಮಾಡಿದರೋ ಇಲ್ಲವೋ ಎಂದು ಬರೆದಿಡಲಿ. ಹೇಗೆ ಬರೆಯಬೇಕೆಂದು ಕಲಿಸಿಕೊಡಲು ನಮ್ಮಣ್ಣ ಒಪ್ಪಿದ್ದಾರೆ. ತಿಂಗಳಿಗೆ ಒಂದು ಶನಿವಾರ ಶಾಲೆಗೆ ಬರುತ್ತಾರೆ. ಮುಖ್ಯೋಪಾಧ್ಯಾಯರೂ ಒಪ್ಪಿಗೆ ಕೊಟ್ಟಿದ್ದಾರೆ. ಆ ಪುಸ್ತಕವನ್ನು ಕೊಡಿಸುವ ಭಾರ ನನ್ನ ಬ್ಯಾಚಿನವರದ್ದು.

ಅಣ್ಣಾ, 36 ವರ್ಷ ನೀವು ಬೇರೆಯವರ ಮಾತನ್ನು ಬರೆದುಕೊಂಡಿರಿ. ಇವತ್ತು ಎಲ್ಲರೂ ನಿಮ್ಮ ಬಗ್ಗೆ ಮಾತಾಡುತ್ತಿದ್ದೇವೆ. ನಿಮಗೆ ಮುಜುಗರವಾಗುತ್ತಿದೆ ಎಂದು ಕಾಣುತ್ತಿದೆ. ಇನ್ನೊಂದು ನಿಮಿಷ ತಡೆದುಕೊಳ್ಳಿ. ನಾನು ಹೇಳಿದ್ದರಲ್ಲಿ ಎಲ್ಲಾದರೂ ಹೆಚ್ಚು ಕಡಿಮೆ ಇದ್ದರೆ ಸ್ಮರಣ ಸಂಚಿಕೆ ಅಚ್ಚಿಗೆ ಹೋಗುವ ಮೊದಲು ತಿದ್ದಿಕೊಡಿ. ವ್ಯಾಕರಣ ಮಾತ್ರ ತಿದ್ದಿ. ನಿಮ್ಮ ಮೇಲಿನ ಪ್ರೀತಿಯನ್ನು ಕಡತದಿಂದ ತೆಗೆಯುವ ಅಧಿಕಾರ ನಿಮಗಿಲ್ಲ.

ನಿಮಗೂ ಅತ್ತಿಗೆಯವರಿಗೂ ಆಯಸ್ಸು, ಆರೋಗ್ಯ, ನೆಮ್ಮದಿ ಸಿಗಲಿ. ಮುಂದಿನ ವರ್ಷದ ಜಾತ್ರೆಯಲ್ಲಿ ತೇರಿನ ಮಿಣಿ ಹಿಡಿಯಲು ನೀವು ನಮ್ಮ ಜೊತೆ ಇರುತ್ತೀರಿ ಎಂಬುದೇ ಊರಿಗೆ ಸಂತೋಷ.



ಜೈ ಹಿಂದ್, ಜೈ ಕರ್ನಾಟಕ.